ಗರಿ ಕೇಳಿಕೊಂಡು

ಬೂದಿ ಬುಧವಾರಕ್ಕೆ ನಾಲ್ಕೇ ದಿನ.
ಅಕ್ಕಿಯ ಖಾಲಿ ಚೀಲ ಹೆಗಲಿಗೆ ಹಾಕಿ
ಬೇಗೂರಿನ ಮೆಟ್ಟಿಲು ಹತ್ತಿ ಇಳಿಯುತ್ತೇನೆ:
‘ಹೋದ ವರ್ಷದ ಗರಿ ಇದ್ದರೆ ಕೊಡ್ರಮ್ಮ, ಸುಡಬೇಕು.’

ತಿರುಹೃದಯದ ಪಟದ ಹಿಂದೆ ಸಿಕ್ಕಿಸಿಟ್ಟ ಈಚಲು
ಒಣಗಿ, ಜೇಡ ಕಟ್ಟಿ, ಚಾರ್ಜರಿನ ವೈರಿಗೆ ತೊಡರಿ
ಈಚೆ ಬರುತ್ತದೆ, ಹಲ್ಲಿಮೊಟ್ಟೆ ಸಮೇತ.

ಲೂರ್ದಮ್ಮನ ಬಾಗಿಲಿಗೆ ಒಂದು ಪಕ್ಷದ ಸ್ಟಿಕ್ಕರು,
ಮೈದುನ ಚೌರಪ್ಪನ ಗೇಟಿಗೆ ಇನ್ನೊಂದು.
ನಡುವಿನ ಗೋಡೆ ಈ ಚುನಾವಣೆಗೆ ಒಂದಡಿ ಬೆಳೆದಿದೆ.
‘ಉಪದೇಶಿಗಳೇ, ಪೂಜೇಲಿ ಶಾಂತಿ ಹೇಳುವಾಗ
ಅವನ ಕಡೆ ತಿರುಗಲೇಬೇಕಾ?’
ಕೇಳಿದಳು, ಮಜ್ಜಿಗೆ ಕೊಟ್ಟು.
ನಾನು ಮಜ್ಜಿಗೆ ಕುಡಿದೆ.

ರಾಯಪ್ಪನ ನೆತ್ತಿಯಲ್ಲಿ ಮೂರು ಹೊಲಿಗೆ.
ದೇವರಿಗೆ ಕನ್ನಡ ಬರುತ್ತದೆಂದು ಸಾಧಿಸಲು ಹೋಗಿ
ಮೈಕಿನ ಕಂಬದಲ್ಲಿ ತಿಂದದ್ದು, ಮೂವತ್ತು ವರ್ಷದ ಹಿಂದೆ.
ಈಗ ರಾತ್ರಿ ಹೆಂಡತಿ ಅರ್ಪುದಂ
ತಮಿಳಲ್ಲಿ ಜಪಸರ ಎತ್ತುತ್ತಾಳೆ,
ಇವನು ಕನ್ನಡದಲ್ಲಿ ಮುಗಿಸುತ್ತಾನೆ.
ಒಂದು ಮಣಿಯೂ ತಪ್ಪುವುದಿಲ್ಲ.

ಭಾನುವಾರ ಅಭ್ಯರ್ಥಿ ಬಂದಿದ್ದರು.
ನಾವೇ ಚಪ್ಪಲಿ ಬಿಡದ ಜಾಗದಲ್ಲಿ ಚಪ್ಪಲಿ ಬಿಟ್ಟು
‘ನಿಮ್ಮ ಸ್ಮಶಾನಕ್ಕೆ ಎರಡೆಕರೆ’ ಅಂದರು.
ಹೋದ ಸಲ ಇದೇ ಮೈಕಿನಲ್ಲಿ ಮೂರಿತ್ತು.
ಪಾಲನಾ ಮಂಡಳಿ ಚಪ್ಪಾಳೆ ತಟ್ಟಿತು,
ಗುರುಗಳು ಗಡಿಯಾರ ನೋಡಿದರು.
ಅಜ್ಜನ ಮೇಲೆ ಅಪ್ಪ, ಅಪ್ಪನ ಮೇಲೆ ತಮ್ಮ,
ಬಾಡಿಗೆ ಮಹಡಿಗಳ ಹಾಗೆ ಮಲಗಿದ್ದಾರೆ ನಮ್ಮವರು.
ಮಣ್ಣಾಗಿರುವೆ, ಮಣ್ಣಿಗೇ ಮರಳುವೆ.
ಮರಳೋಣ ಸ್ವಾಮಿ,
ಚದರಡಿಗೆ ಎಷ್ಟಂತೆ?

ಚೀಲ ಮುಕ್ಕಾಲು ತುಂಬಿತ್ತು. ಮನೆಗೆ ಹೋಗಬಹುದಿತ್ತು.
ಕಾಲು ಹಿಂದಿನ ಓಣಿಗೆ ತಿರುಗಿತು.

ಅಲ್ಲಿ ದೇವಕುಮಾರನ ಶೀಟಿನ ಮನೆ.
ನಮ್ಮ ಸಭೆಯವನಲ್ಲ. ವಾರವೆಲ್ಲ ಪೇಂಟು ಬಳಿದು
ಭಾನುವಾರ ಪಾಸ್ಟರು. ಸ್ಕೂಟರಿನಲ್ಲಿ ಕೀಬೋರ್ಡು.
ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಹದಿನಾಲ್ಕು ಜನ
ಅಲ್ಲಿ ಕೂತು ಅತ್ತು, ಹಾಡಿ, ಎರಡನೇ ಪಾಳಿಗೆ ಹೋಗುತ್ತಿದ್ದರು.
ನನ್ನ ಹೆಂಡತಿಗೆ ರಕ್ತ ಬೇಕಾದ ರಾತ್ರಿ
ಕೇಳದೆಯೇ ಬಂದು ತೋಳು ಚಾಚಿದವನು.

ಡಿಸೆಂಬರಿನಲ್ಲಿ ಯಾರೋ ನುಗ್ಗಿದರು. ಮತಾಂತರ ಅಂದರು.
ಏಟು ತಿಂದವನ ಮೇಲೇ ಕೇಸಾಯಿತು.
ಠಾಣೆಯಲ್ಲಿ ನನ್ನ ಕರೆಸಿ ಕೇಳಿದರು:
‘ನಿಮ್ಮವರೇನ್ರಿ?’
‘ಅಲ್ಲ ಸಾರ್, ನಮ್ಮದು ಹಳೇ ಸಭೆ.’
‘ಪರಿಚಯ?’
‘ಮುಖ ನೋಡಿದ್ದೇನೆ.’
‘ಒಳಗೆ ಏನು ನಡೀತಿತ್ತು?’
‘ನನಗೆ ಗೊತ್ತಿಲ್ಲ ಸಾರ್.’
ಅಂಕದಲ್ಲಿ ಜಪ್ತಿಯಾದ ಹುಂಜವೊಂದು
ಕಿಟಕಿಯಾಚೆ ಜೀಪಿಗೆ ಕಟ್ಟಿಹಾಕಿತ್ತು.
ಕಿವಿಗೊಟ್ಟು ಕಾದೆ.
ಕೂಗಲಿಲ್ಲ.

ಬಾಗಿಲು ತೆರೆದವಳು ಅವನ ಹೆಂಡತಿ ಸುಗಂಧ.
ನನ್ನನ್ನು ನೋಡಿದಳು, ಚೀಲ ನೋಡಿದಳು.
‘ನಾವು ಗರಿ ಇಡಲ್ಲ ಅಣ್ಣ, ನಮ್ಮಲ್ಲಿಲ್ಲ.’
ಒಳಹೋಗಿ ಒಂದು ಮೋಟು ಪೊರಕೆ ತಂದಳು.
‘ಇದೂ ಈಚಲೇ. ಅವತ್ತು ಇದರಲ್ಲೇ ಗುಡಿಸಿದ್ದು.’
ಬೇರೇನೂ ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಹಿತ್ತಿಲಲ್ಲಿ ಹಳೆಯ ಬಾಂಡಲಿಯಿಟ್ಟು ಸುಟ್ಟೆ.
ಲೂರ್ದಮ್ಮನದು ಯಾವುದು, ಚೌರಪ್ಪನದು ಯಾವುದು
ಹೊಗೆಯಲ್ಲಿ ಗೊತ್ತಾಗಲಿಲ್ಲ. ಪೊರಕೆ ಮಾತ್ರ
ತಡವಾಗಿ ಹತ್ತಿತು, ಚಟಚಟ ಸಿಡಿಯಿತು.
ಟೀ ಸೋಸುವ ಜಾಲರಿಯಲ್ಲಿ ಬೂದಿ ಜರಡಿ ಹಿಡಿದಾಗ
ಮೇಲುಳಿದದ್ದು ಒಂದು ಸೇಫ್ಟಿ ಪಿನ್ನು,
ಕೀಬೋರ್ಡಿನ ಕರಿ ಕೀಯ ಚೂರು,
ಕರಗಿ, ಯಾವ ಸ್ವರವೋ ತಿಳಿಯದ ಹಾಗೆ.

ಇವತ್ತು ಬುಧವಾರ. ಬೆಳಗಿನ ಪೂಜೆ ಮುಗಿದಿದೆ.
ಗುರುಗಳ ಹೆಬ್ಬೆರಳು ಹಣೆಯ ಮೇಲೆ ಒರಟಾಗಿತ್ತು.
ಚೂರು ಜೇಬಿನಲ್ಲಿದೆ.
ಇನ್ಸ್‌ಪೆಕ್ಟರು ಹತ್ತಕ್ಕೆ ಬರುತ್ತಾರಂತೆ.
ಹಣೆ ಒರೆಸಿಕೊಳ್ಳದೆ ಹೋಗಬೇಕು ಅಂದುಕೊಂಡಿದ್ದೇನೆ.
ಬಸ್ ಸ್ಟಾಪಿನಲ್ಲಿ ನೆರಳಿಲ್ಲ.
ಬೆವರುತ್ತಿದೆ.