ರಸಮಟ್ಟ

ಡಾಸನ್ನಿನ ಮೂರನೇ ಬೀದಿಯಲ್ಲಿ ಎರಡು ಮನೆ
ಭುಜಕ್ಕೆ ಭುಜ ಕೊಟ್ಟು ವಾಲಿವೆ,
ಕುಡಿದು ಹೊರಟವರ ಹಾಗೆ.

ವೆಲ್ಮಾ ಮಂಡಿಯೂರಿ ಜಾಕಿ ತಿರುಗಿಸುತ್ತಾಳೆ.
"ಅರ್ಧ ಅಂಗುಲ. ಸಾಕು, ನಿಲ್ಲು."
ನಾನು ರಸಮಟ್ಟ ಹಿಡಿದಿದ್ದೇನೆ,
ಗುಳ್ಳೆ ನಡುವಿಗೆ ಬರಲೊಲ್ಲದು.

ಅಡಿಗಿರುವುದು ಮಣ್ಣಲ್ಲ, ಮಂಜುಗಡ್ಡೆ.
ಒಲೆ ಹೊತ್ತಿಸಿದ ಮನೆ ಕುಸಿಯುತ್ತದೆ.
ಎದುರಿನ ಉಗ್ರಾಣ ನೋಡು, ಯಾರೂ ಬಾಳಿಲ್ಲ,
ನೂಲು ಹಿಡಿದಷ್ಟು ನೆಟ್ಟಗೆ.

ಹಿಂದಿನ ಕೋಣೆಯ ಹಲಗೆ ಎತ್ತಿದರೆ
ಒಂದು ಗುಂಡಿ, ಹಲ್ಲು ಮುರಿದ ಬಾಚಣಿಗೆ,
ತಕ್ಕಡಿಯ ಒಂಟಿ ತಟ್ಟೆ.
ಇಲ್ಲಿ ಕೂತು ತೂಗುತ್ತಿದ್ದವನು
ಕಿರುಬೆರಳ ಉಗುರು ಬೆಳೆಸಿದ್ದನಂತೆ,
ತೂಕಕ್ಕೊಂದು ಗುಲಗಂಜಿಯಷ್ಟು ಸಂದಿಯೊಳಗೆ.
ಅಕ್ಕನ ಚಿನ್ನವನ್ನೂ ಬಿಡದವರು
ಯಾವ ಸೀಮೆಯಲ್ಲಿಲ್ಲ?
ಕಸ ಗುಡಿಸುವ ಹುಡುಗ ಆ ದೂಳನ್ನೇ ತೊಳೆದು
ಊರಿಗೆ ಮರಳುವ ಹಡಗಿನ ಚೀಟಿ ಕೊಂಡನಂತೆ.

ನಾನೂ ಬೆರಳನ್ನು ದೂಳಿಗೆ ಒತ್ತಿ ಬೆಳಕಿಗೆ ಹಿಡಿದೆ.
ವೆಲ್ಮಾ ನಕ್ಕಳು. ಎಲ್ಲರೂ ಹಿಡಿಯುತ್ತಾರೆ.

ಕ್ಲೊಂಡೈಕ್ ಅಂದರೇನು ಎಂದೆ.
ಸುತ್ತಿಗೆಕಲ್ಲು.
ನದಿಗೆ ಗೂಟ ಹೊಡೆದು
ಮೀನು ತಡೆಯುತ್ತಿದ್ದ ನಮ್ಮವರ ಕಲ್ಲು.
ಬಂದವರ ನಾಲಿಗೆ ಹೊರಳಲಿಲ್ಲ,
ಹೆಸರೂ ವಾಲಿತು.

ಅವಳ ಅಜ್ಜಿಯ ಅಜ್ಜಿ
ಮೀನು ಒಣಗಿಸುವ ಚಪ್ಪರ ಕಿತ್ತು
ದೋಣಿಗೆ ಹಾಕಿಕೊಂಡು ಕೆಳಹೊಳೆಗೆ ಹೋದಳು.
ಆ ಚಪ್ಪರ ನಿಂತ ಜಾಗಕ್ಕೆ ಫಲಕವಿಲ್ಲ.
ಎಲ್ಲಿತ್ತು? ಅವಳು ಕತ್ತು ತಿರುಗಿಸಿ
ಪೆಟ್ರೋಲ್ ಬಂಕಿನ ಕಡೆ ನೋಡಿದಳು, ಅಷ್ಟೇ.

ರಾತ್ರಿ ಹನ್ನೊಂದು. ಬಿಸಿಲು ಹೋಗಿಲ್ಲ.
ಗುಳ್ಳೆ ನಡುಗೆರೆಗೆ ಬಂತು.
"ಬರುವ ಬೇಸಿಗೆಗೆ ಮತ್ತೆ ಇದೇ ಕೆಲಸ,"
ಬೆಣೆಗೆ ಕೊನೆಯ ಪೆಟ್ಟು ಹಾಕಿ ಎದ್ದಳು.

ಒಳಗೆ ಬಾಡಿಗೆಯ ಹುಡುಗಿ
ಚಹಕ್ಕೆ ನೀರಿಟ್ಟಳು.