ಮರೆತುಹೋದ ಕನ್ನಡಕಗಳು

ಆರು ತಿಂಗಳಿಗೊಮ್ಮೆ ಬ್ರಿಸ್ಬೇನಿನ
ಕತ್ತಲ ಡಬ್ಬದೊಳಗೆ ಕೂರಿಸಿ
ಹೆನಾವೊಳನ್ನು ಕೊಲ್ಲಲು ನೋಡುತ್ತಾರೆ:
ಎಡ ಎಂಜಿನ್ನಿಗೆ ಬೆಂಕಿ, ಚಕ್ರ ಇಳಿಯದು,
ರನ್‌ವೇ ಮೇಲೆ ಮಂಜು.
ಬೆವರುತ್ತಾಳೆ, ಪಟ್ಟಿ ಓದುತ್ತಾಳೆ, ಬದುಕುತ್ತಾಳೆ.
"ಇನ್ನೊಮ್ಮೆ" ಅನ್ನುತ್ತಾನೆ ಪರೀಕ್ಷಕ, ಬಿಸ್ಕತ್ತು ಮುರಿಯುತ್ತ.

ಆಮೇಲೆ ಕಣ್ಣಿನ ಡಾಕ್ಟರು.
ಕಟ್ಟಕಡೆಯ ಸಾಲು, ಇರುವೆಯಷ್ಟು ಅಕ್ಷರ.
ಓದಿದರೆ ಆಕಾಶ, ಇಲ್ಲದಿದ್ದರೆ ಮನೆ.

ಪೋರ್ಟ್ ಮೊರೆಸ್ಬಿಯಲ್ಲಿ ಜನ ಇಳಿದ ಮೇಲೆ
ಸೀಟಿನ ಜೇಬುಗಳಲ್ಲಿ ಉಳಿದವು,
ವರ್ಷವಾದರೂ ಯಾರೂ ಕೇಳಿ ಬಾರದವು
ಅವಳ ಶೂ ಡಬ್ಬದಲ್ಲಿ ಗಲಗಲ.
ಗುಜರಿ ಕ್ಯಾಪ್ಟನ್ ಎಂದು ನಗುತ್ತಿದ್ದೆವು.

ಒಂದು ರಜೆಯ ದಿನ ನನ್ನನ್ನೂ ಕರೆದಳು.
ಬಾಡಿಗೆಯ ಪುಟ್ಟ ವಿಮಾನ,
ಬೆಟ್ಟದ ಬೆನ್ನಿಗಂಟಿದ ಹುಲ್ಲುಪಟ್ಟಿ;
ಏರುತ್ತ ಇಳಿಯಬೇಕು, ಇಳಿಯುತ್ತ ಏರಬೇಕು.
ಇನ್ನೊಮ್ಮೆ ಎಂಬುದಿಲ್ಲ ಅಲ್ಲಿ.

ಬಿಲುಮ್ ಚೀಲ ಹೆಣೆಯುವ ಮುದುಕಿ
ಒಂದೊಂದೇ ಮೂಗಿಗೇರಿಸಿ, ತೆಗೆದು,
ಹನ್ನೊಂದನೆಯದಕ್ಕೆ ಸುಮ್ಮನಾದಳು.
ತನ್ನದೇ ಹೆಣಿಗೆಯನ್ನು ಬಹಳ ಹೊತ್ತು ನೋಡಿ
"ಇಷ್ಟೊಂದು ತಪ್ಪೆ? ಹೇಳಲಿಲ್ಲವಲ್ಲ ಒಬ್ಬರೂ!"
ಮಕ್ಕಳನ್ನೆಲ್ಲ ಬೈಯುತ್ತ ಬಿಚ್ಚತೊಡಗಿದಳು.

ಕಣಿವೆಯಲ್ಲಿ ಮೋಡ ತುಂಬುತ್ತಿತ್ತು.
ನಾನು ಗಡಿಯಾರ ತೋರಿಸಿದೆ.
ಹೆನಾವೊ ನೆಲಕ್ಕೆ ಕೂತು
ನೂಲಿನ ತುದಿ ಹಿಡಿದಳು.