ಕೊಸರು

ಜೊಂಬಾ ಕೋರ್ಟಿನಲ್ಲಿ ಮೂವತ್ತೊಂದು ವರ್ಷ
ದುಭಾಷಿ ನಾನು.
ನನ್ನದೆಂಬ ಮಾತಿಲ್ಲ ಅಲ್ಲಿ. ಕಿವಿಯಲ್ಲಿ ಬಂದದ್ದು
ಬಾಯಲ್ಲಿ ಹೋಗಬೇಕು, ದಾರಿಯಲ್ಲಿ ಏನೂ ಚೆಲ್ಲದೆ.
ನಮ್ಮಲ್ಲಿ ಚಿಲಾಂಗೊ ಅಂದರೆ ಶಿಕ್ಷೆ, ಚಿಲುಂಗಾಮೊ ಅಂದರೆ ನ್ಯಾಯ,
ಅವಸರದಲ್ಲಿ ಎರಡೂ ಒಂದೇ ಎಂಜಲಲ್ಲಿ ನೆನೆಯುತ್ತವೆ.
ನಾಲಗೆಯನ್ನು ದೂರುವಂತಿಲ್ಲ.

ಆ ಹಸಿವಿನ ವರ್ಷ,
ಬಾಳೆಯ ಬೇರು ಅಗೆದು, ತೌಡು ಬೇಯಿಸಿ ತಿಂದು
ಜನ ಹೊಟ್ಟೆಯುಬ್ಬಿ ಸತ್ತ ವರ್ಷ,
ಫಲೊಂಬೆಯಿಂದ ಒಬ್ಬ ಹುಡುಗನನ್ನು ತಂದರು.
ಗ್ರೇಶಮ್ ಮುಹೀಪ. ಕಾಲಿಗೆ ಚಪ್ಪಲಿಯಿಲ್ಲ.
ನಾಲ್ವರು ಸೇರಿ ಮುಸುಕಿನ ಜೋಳ ಕದಿಯಲು ಹೋಗಿದ್ದರು,
ಕಾವಲಿನ ಸಾಂಡೆರೆ ಎದ್ದ, ಯಾರದೋ ಕೈಯ ಗುದ್ದಲಿ ಎದ್ದಿತು.
ಮೂವರು ಗಡಿ ದಾಟಿ ಮೊಜಾಂಬಿಕ್ಕಿಗೆ ಓಡಿದರು,
ಇವನು ಮಾತ್ರ ಹಸಿ ತೆನೆ ಹಿಡಿದು
ಅಲ್ಲೇ ತಿನ್ನುತ್ತ ಕೂತಿದ್ದ.

ವಯಸ್ಸೆಷ್ಟು, ಎಂದರು ಸಾಹೇಬರು. ಕೇಳಿದೆ.
"ಬೆಟ್ಟ ಊರ ಮೇಲೆ ಬಂಡೆ ಉರುಳಿಸಿದ ರಾತ್ರಿ
ನನ್ನ ಮುಂದಿನ ಹಲ್ಲು ಅಲ್ಲಾಡುತ್ತಿತ್ತು" ಎಂದ.
ಗುಮಾಸ್ತ ಪೆನ್ನು ಎತ್ತಿ ಹಿಡಿದಿದ್ದ. ಊಟದ ಹೊತ್ತು.
ಹಲ್ಲಿಗೆ ಕಾಲಂ ಇಲ್ಲ ಅವನ ಫಾರಮ್ಮಿನಲ್ಲಿ.
ಇಪ್ಪತ್ತೆರಡು, ಎಂದೆ ನಾನು.
ಅವನು ಹೇಳಿರಲಿಲ್ಲ.

ಕೊಲೆಗೆ ಆಗ ಒಂದೇ ಶಿಕ್ಷೆ.
ತಕ್ಕಡಿಯೇನೋ ಇತ್ತು, ತೂಕದ ಕಲ್ಲು ಒಂದೇ.
ಹೊಂಚಿ ಕೊಂದವನಿಗೂ, ಹಸಿದು ಕೂತವನಿಗೂ
ತೂಗಿ ನೋಡದೆ ತೂಗುಹಾಕು ಎನ್ನುತ್ತಿತ್ತು ಕಾನೂನು.
"ಹಸಿವಾಗಿತ್ತು" ಎಂದ ಹುಡುಗ. ಅನುವಾದಿಸಿದೆ.
ಅದು ಪ್ರಸ್ತುತವಲ್ಲ, ಎಂದರು. ಅದನ್ನೂ ಅನುವಾದಿಸಿದೆ.
ಕಾಲು ಗಂಟೆ ಸಾಕಾಯಿತು.
ಮಧ್ಯಾಹ್ನ ಊಟಕ್ಕೆ ಬೀನ್ಸಿನ ಸಾರಿತ್ತು. ಉಂಡೆ.

ಹದಿಮೂರು ವರ್ಷ ಅವನನ್ನು ನೇಣಿಗೇರಿಸಲಿಲ್ಲ, ಬಿಡಲೂ ಇಲ್ಲ.
ಅಷ್ಟರಲ್ಲಿ ಕಾನೂನು ಬದಲಾಯಿತು,
ಹಳೆಯ ಕಡತಗಳನ್ನು ಮತ್ತೆ ತೂಗಬೇಕೆಂದರು.
ಅರ್ಧವನ್ನು ಗೆದ್ದಲು ಓದಿ ಮುಗಿಸಿತ್ತು.
ತಡಾಲಾ ಎಂಬ ಹುಡುಗಿ, ಕಾನೂನು ಸಹಾಯಕಿ,
ಮಿನಿಬಸ್ಸು, ಆಮೇಲೆ ಸೈಕಲ್ಲಿನ ಕ್ಯಾರಿಯರು, ಆಮೇಲೆ ನಡಿಗೆ,
ಮುಲಾಂಜೆ ಬೆಟ್ಟದ ಬುಡಕ್ಕೆ ಹೋಗಿ
ತಾಯಿಯನ್ನು ಕರೆತಂದಳು. ಎಫೇಲಿ.
ಸಾಕ್ಷಿಕಟ್ಟೆಯಲ್ಲಿ ಅವಳು, ಪಕ್ಕದಲ್ಲಿ ನಾನು.
"ಬಂಡೆ ಬಂದ ರಾತ್ರಿ ಇವನು ಕೋಳಿ ಅವಚಿಕೊಂಡು ಓಡಿದ,
ಅಲ್ಲಾಡುತ್ತಿದ್ದ ಹಲ್ಲು ಓಟದಲ್ಲಿ ಬಿತ್ತು,
ಹುಡುಕೋಣ ಬಾ ಅಂತ ಅತ್ತ.
ಊರೇ ಇರಲಿಲ್ಲ, ಹಲ್ಲೆಲ್ಲಿ."
ಒಂದಕ್ಷರ ಚೆಲ್ಲದೆ ಹೇಳಿದೆ.

ತಡಾಲಾ ಬೆರಳು ಮಡಿಸಿ ಎಣಿಸಿದಳು: ಹದಿನೇಳು ತುಂಬಿರಲಿಲ್ಲ.
ಹಾಗಾದರೆ ಈ ಇಪ್ಪತ್ತೆರಡು ಎಲ್ಲಿಂದ ಬಂತು,
ಎಂದರು ಹೊಸ ಸಾಹೇಬರು, ಕಡತ ತಿರುವುತ್ತ.
ಆ ಪ್ರಶ್ನೆಯನ್ನು ತಾಯಿಯ ಕಡೆ ತಿರುಗಿಸಿದೆ.
ಅವಳಿಗೆ ಗೊತ್ತಿರಲಿಲ್ಲ.
ಗೊತ್ತಿದ್ದ ಒಬ್ಬನಿಗೆ ಆ ಕೋಣೆಯಲ್ಲಿ ಸ್ವಂತ ಬಾಯಿರಲಿಲ್ಲ,
ಹಾಗಂತ ನನಗೆ ನಾನೇ ಹೇಳಿಕೊಂಡೆ.

ಸಾಂಡೆರೆಯ ಮಗಳೂ ಬಂದಿದ್ದಳು.
ಸೊಂಟದ ಬಟ್ಟೆ ಬಿಗಿದುಕೊಂಡು ಎದ್ದಳು.
"ಅವತ್ತು ನನ್ನನ್ನು ಯಾರೂ ಕೇಳಲಿಲ್ಲ. ಇವತ್ತು ಕೇಳುತ್ತೀರಿ.
ಅಪ್ಪನಿಗೂ ಹಸಿವಾಗಿತ್ತು. ಆ ಜೋಳ ಅವನದಲ್ಲ.
ಇವನನ್ನು ಬಿಡಿ, ಬಿಡಬೇಡಿ, ನನಗೆ ತಿಳಿಯದು.
ನಮ್ಮ ಮನೆ ಮುಂದಿನ ದಾರಿಯಲ್ಲಿ ಮಾತ್ರ ನಡೆಯದಿರಲಿ."
ಇದಕ್ಕೂ ಕಾಲಂ ಇರಲಿಲ್ಲ.
ಈ ಸಲದ ಗುಮಾಸ್ತ ಅಂಚಿನಲ್ಲಿ ಬರೆದುಕೊಂಡ.

ಕಳೆದಷ್ಟು ಸಾಕು, ಎಂದಿತು ಕೋರ್ಟು.
ಗ್ರೇಶಮ್ ನನ್ನತ್ತ ನೋಡಿದ, ನಾನು ಅದನ್ನು ಹೇಳಲೆಂದು.
ಹೇಳಿದೆ. ನಕ್ಕ. ಮುಂದಿನ ಎರಡು ಹಲ್ಲಿರಲಿಲ್ಲ.

ಸಂಜೆ ಮಾರುಕಟ್ಟೆಯಲ್ಲಿ ಒಣಮೀನು ಕೊಂಡೆ.
ಮುದುಕಿ ಡಬ್ಬಿ ತುಂಬಿದಳು, ತಲೆ ಸವರಿ ಸರಿ ಮಾಡಿದಳು,
ಆಮೇಲೆ ಅದರ ಮೇಲೊಂದು ಹಿಡಿ
ಕೊಸರು.
ಬೇಡ, ಎಂದೆ.
"ಎಲ್ಲರಿಗೂ ಹಾಕುತ್ತೇನೆ, ನಿನಗೇನು" ಎಂದಳು.
ಹಿಂದೆ ಜನ ಕಾಯುತ್ತಿದ್ದರು.
ಚೀಲದ ಬಾಯನ್ನಷ್ಟೇ ತೆರೆದೆ.